ಕಾಯಿದೆಯ ಪದ, ವ್ಯಕ್ತಿಯ ಘನತೆ: ಹೈದರಾಬಾದಿನ ಒಂದು ನಿದರ್ಶನ

ಕಾನೂನು ಮನುಷ್ಯರನ್ನು ಶಿಕ್ಷಿಸುವ ಮೊದಲು ಅವರನ್ನು ಹೆಸರಿಸುತ್ತದೆ. ಆ ಹೆಸರೇ ಒಂದು ಸಮುದಾಯದ ಬದುಕನ್ನು ಹೇಗೆ ಕಟ್ಟಿಹಾಕಬಲ್ಲದು ಎಂಬುದಕ್ಕೆ ಹೈದರಾಬಾದಿನ ಒಂದು ಕಾಯಿದೆಯ ಚರಿತ್ರೆ ನಿದರ್ಶನವಾಗಿದೆ.

ನಿಜಾಮರ ಸಂಸ್ಥಾನದಲ್ಲಿ ಫಸಲಿ 1329ರಲ್ಲಿ, ಎಂದರೆ ಕ್ರಿ.ಶ. 1919ರಲ್ಲಿ, ‘ಯೂನಕ್ಸ್ ಆಕ್ಟ್’ ಎಂಬ ಕಾಯಿದೆ ರಚಿತವಾಯಿತು. ಬ್ರಿಟಿಷ್ ಭಾರತದ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯೇ ಇದಕ್ಕೆ ಮಾದರಿ. ಬೀದರ, ಕಲಬುರಗಿ, ರಾಯಚೂರು ಪ್ರದೇಶಗಳು ಆಗ ಇದೇ ಸಂಸ್ಥಾನಕ್ಕೆ ಸೇರಿದ್ದುದರಿಂದ ಈ ಚರಿತ್ರೆ ಕನ್ನಡಿಗರಿಗೆ ಪರಕೀಯವಲ್ಲ. ಬಾಲಕರನ್ನು ಅಪಹರಿಸುವರೆಂಬ ಸಂದೇಹಕ್ಕೆ ಗುರಿಯಾದವರ ಹೆಸರುಗಳನ್ನು ಸರ್ಕಾರಿ ದಾಖಲೆಯಲ್ಲಿ ಬರೆದಿಡಲಾಗುತ್ತಿತ್ತು. ಹಾಗೆ ದಾಖಲಾದವರು ಸ್ತ್ರೀಯುಡುಗೆ ತೊಟ್ಟು ಬೀದಿಯಲ್ಲಿ ಕಂಡರೆ, ಅಲ್ಲಿ ಕುಣಿದರೆ, ವಾದ್ಯ ನುಡಿಸಿದರೆ, ಅವರನ್ನು ವಾರಂಟ್ ಇಲ್ಲದೆ ಬಂಧಿಸಿ ಎರಡು ವರ್ಷಗಳವರೆಗೆ ಸೆರೆಯಲ್ಲಿಡಬಹುದಾಗಿತ್ತು. ಇಲ್ಲಿ ದಂಡನೆ ಕೃತ್ಯಕ್ಕಲ್ಲ, ಇರವಿಗೆ.

ಮಾದರಿಯಾಗಿದ್ದ ಕಾಯಿದೆ ರದ್ದಾದ ಮೇಲೂ ತೆಲಂಗಾಣ ಪ್ರದೇಶದಲ್ಲಿ ಈ ಅನುಕರಣೆ ಉಳಿದುಬಂದಿತು. 2014ರಲ್ಲಿ ಸುಪ್ರೀಂ ಕೋರ್ಟು ಲಿಂಗತ್ವವನ್ನು ಸ್ವಯಂ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2018ರಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. ವೈಜಯಂತಿ ವಸಂತ ಮೊಗ್ಲಿ ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ ತೆಲಂಗಾಣ ಹೈಕೋರ್ಟು 2023ರ ಜುಲೈ 6ರಂದು 1919ರ ಕಾಯಿದೆಯನ್ನು ಸಂವಿಧಾನಬಾಹಿರವೆಂದು ಸಾರಿತು. ನ್ಯಾಯಾಲಯವು ಅಷ್ಟಕ್ಕೇ ನಿಲ್ಲದೆ, ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲಾತಿಯನ್ನೂ ‘ಆಸರಾ’ ಪಿಂಚಣಿಯನ್ನೂ ಒದಗಿಸುವಂತೆ ಸರ್ಕಾರಕ್ಕೆ ಸೂಚಿಸಿದುದು ಗಮನಾರ್ಹ. ಭೀತಿಯ ನಿವಾರಣೆ ಕ್ಷೇಮದ ಮೊದಲ ಮೆಟ್ಟಿಲು ಮಾತ್ರ. ಅನ್ನ, ಆಸರೆ, ವಿದ್ಯೆಗಳಿಲ್ಲದೆ ಅದು ಪೂರ್ಣವಾಗದು.

ಭಾಷಾಭ್ಯಾಸಿಗಳು ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಕರ್ನಾಟಕ ಪೊಲೀಸ್ ಕಾಯಿದೆಗೆ 2011ರಲ್ಲಿ ಸೇರಿಸಿದ 36ಎ ಕಲಮು ಹೈದರಾಬಾದಿನ ಹಳೆಯ ಪದವನ್ನೇ, ಹಳೆಯ ಸಂದೇಹವನ್ನೇ ಮರಳಿ ತಂದಿತ್ತು. ಆ ಪದವನ್ನು ಮುಂದೆ ತಿದ್ದುಪಡಿಯ ಮೂಲಕ ಕೈಬಿಡಲಾಯಿತು. ಕನ್ನಡದಲ್ಲಿ ಅದಕ್ಕೆ ಸಂವಾದಿಯಾಗಿ ಬಳಸುವ ‘ನಪುಂಸಕ’ ಎಂಬುದು ನಮ್ಮ ವ್ಯಾಕರಣದಲ್ಲಿ ‘ಅದು’ ಎನಿಸಿಕೊಳ್ಳುವ ವಸ್ತುಗಳ ವರ್ಗ. ವ್ಯಕ್ತಿಗೆ ಅದನ್ನು ಅನ್ವಯಿಸಿದಾಗ ಆತ್ಮಗೌರವಕ್ಕೆ ಪೆಟ್ಟು ಬೀಳುವುದು ಸಹಜ. ಆದರೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಮನ್ನಣೆ ಸೂಚಿಸುವ ‘ಅವರು’ ಎಂಬ ಸರ್ವನಾಮವೂ ಇದೇ ಕನ್ನಡದಲ್ಲಿದೆ.

ಸ್ತ್ರೀಯುಡುಗೆಯಲ್ಲಿ ಬೀದಿಯಲ್ಲಿ ಕುಣಿದವರನ್ನು 1919ರ ಕಾಯಿದೆ ಸೆರೆಗೆ ಅಟ್ಟುತ್ತಿತ್ತು. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಶತಮಾನದ ಈ ಅಂತರವನ್ನು ಕಾನೂನಿನ ಸುಧಾರಣೆಯೊಂದೇ ಕ್ರಮಿಸಲಿಲ್ಲ; ಸಮುದಾಯದ ಹೋರಾಟವೂ ಕಲೆಯೂ ಜೊತೆಗೂಡಿದವು. ನಿಘಂಟು, ಪಠ್ಯ, ಅನುವಾದಗಳಲ್ಲಿ ತೊಡಗಿರುವ ನಾವು ಯಾವ ಪದವನ್ನು ಉಳಿಸುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬುದೂ ಈ ಕಾರ್ಯದ ಒಂದು ಭಾಗವೇ ಆಗಿದೆ.