ತಂತಿದಾರಿಯ ಸಸ್ಯಸಂಪತ್ತು

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಾತಾಪಿತೃಗಳಿಗೂ ಈ ಸಂಚಿಕೆಯಲ್ಲಿ ಸಸ್ಯಶಾಸ್ತ್ರದ ಒಂದು ಪಾಠವನ್ನು ಒಪ್ಪಿಸುತ್ತೇವೆ.

ಸಕಲೇಶಪುರದಿಂದ ಬಿಸಿಲೆಯವರೆಗಿನ ಮಲೆಯಲ್ಲಿ ಎರಡು ಬಗೆಯ ನೆಲವುಂಟು: ಕಣಿವೆಗಳಲ್ಲಿ ನಿತ್ಯಹಸುರಿನ ಕಾಡು, ಗುಡ್ಡದ ನೆತ್ತಿಗಳಲ್ಲಿ ಹುಲ್ಲುಗಾವಲು. ಕಾಡಿನ ಧೂಪದ ಮರವೂ ರಾಮಪತ್ರೆಯೂ ಪಶ್ಚಿಮ ಘಟ್ಟಗಳ ಹೊರತು ಲೋಕದಲ್ಲಿ ಬೇರೆಲ್ಲಿಯೂ ಸಹಜವಾಗಿ ಹುಟ್ಟತಕ್ಕವುಗಳಲ್ಲ. ಆಲೂರಿನ ಕಡೆಗೆ ಬಂದಂತೆ ಮಳೆ ತಗ್ಗುವುದು, ಸಸ್ಯಗಳೂ ಬೇರೆಯಾಗುವುವು.

ಈ ನಾಡಿನಲ್ಲಿ ಬೆಳಕಿಗಾಗಿ ತಂತಿಗಳೂ ನೀರಿಗಾಗಿ ಕೊಳವೆಗಳೂ ಹಾದಿವೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಸಲ್ಲದೆಂದು ಮಾಧವ ಗಾಡ್ಗೀಳರ ಸಮಿತಿಯು 2011ರಲ್ಲಿ ಅಭಿಪ್ರಾಯ ಕೊಟ್ಟಿತು. ಬೆಳಕೂ ನೀರೂ ಬೇಡವೆಂದು ನಾವು ಹೇಳಲಾರೆವು. ಆದರೆ ಅವುಗಳ ಬೆಲೆಯನ್ನು ತಿಳಿದಿರಬೇಕು.

ಜೋಗದ ನಿದರ್ಶನವನ್ನು ನೋಡಿರಿ. ಹಬಾರ್ಡಿಯಾ ಎಂಬ ನವುರಾದ ಹುಲ್ಲನ್ನು 1919ರಲ್ಲಿ ಆ ಜಲಪಾತದ ಬಳಿ ಸಂಗ್ರಹಿಸಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿಯ ಹರಿವು ಬದಲಾಯಿತು. ಬಳಿಕ ಎಷ್ಟು ಹುಡುಕಿದರೂ ಆ ಹುಲ್ಲು ಅಲ್ಲಿ ಸಿಕ್ಕದೆ, ಅಳಿದುಹೋಯಿತೆಂದೇ ವಿದ್ವಾಂಸರು ಎಣಿಸಿದರು. ಈ ಶತಮಾನದ ಆದಿಯಲ್ಲಿ ಅದು ಮಹಾರಾಷ್ಟ್ರದ ತಿಲ್ಲಾರಿ ಘಟ್ಟದಲ್ಲಿ ಕಂಡುಬಂದುದು ನಮ್ಮ ಪುಣ್ಯ. ಎಲ್ಲಾ ಸಸ್ಯಗಳಿಗೂ ಎರಡನೆಯ ಮನೆ ಇರುವುದಿಲ್ಲ.

220 ಕಿಲೋವೋಲ್ಟಿನ ತಂತಿಗೆ 35 ಮೀಟರ್ ಅಗಲದ ದಾರಿ ಬೇಕು. ಅಲ್ಲಿ ಎತ್ತರದ ಮರಗಳನ್ನು ಬೆಳೆಯಗೊಡುವುದಿಲ್ಲ. ಕಾಡಿಗೆ ಇದು ನಷ್ಟವೇ ಸರಿ. ಆದರೆ ಹುಲ್ಲುಗಾವಲಿನ ಗಿಡ್ಡ ಸಸ್ಯಗಳು ತಂತಿಗೆ ತೊಡಕಲ್ಲವಾದುದರಿಂದ, ಜಾಗರೂಕತೆಯಿದ್ದಲ್ಲಿ ಆ ದಾರಿಯೇ ಅವುಗಳಿಗೆ ಆಸರೆಯಾಗಬಲ್ಲುದು. ಅದಕ್ಕೆ ನಾಲ್ಕು ನಿಯಮಗಳು:

1. ದಾರಿಯನ್ನು ಬೆಂಕಿಯಿಂದಾಗಲಿ ಕಳೆನಾಶಕದಿಂದಾಗಲಿ ಬೋಳುಮಾಡಬಾರದು.
2. ಹೂವು ಬೀಜವಾಗಿ ಉದುರಿದ ಮೇಲೆಯೇ ಹುಲ್ಲನ್ನು ಸವರತಕ್ಕದ್ದು.
3. ಅಗೆದ ಮಣ್ಣನ್ನು ಹುಲ್ಲುಗಾವಲಿನ ಮೇಲೆ ಸುರಿಯಬಾರದು.
4. ಲಂಟಾನ ಮೊದಲಾದ ಪರದೇಶದ ಕಳೆಗಳನ್ನು ಬೇರುಸಹಿತ ಕೀಳತಕ್ಕದ್ದು.

ಇವುಗಳನ್ನು ನಡಿಸತಕ್ಕವರು ನಿಗಮದವರು, ನೆನಪಿಸತಕ್ಕವರು ನಾವು. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಸಸ್ಯಗಳನ್ನು ಅದರ ದಾಖಲೆಯಲ್ಲಿ ಬರೆಯಿಸಬಹುದು. ತೋಟದಲ್ಲಿ ತಂತಿ ಹಾದಿರುವವರು, ಸವರುವ ಆಳುಗಳು ಬರುವ ಮೊದಲೇ ಅಪೂರ್ವ ಗಿಡಗಳ ಸುತ್ತ ಗೂಟ ನೆಟ್ಟು ತೋರಿಸಿರಿ. ಹೆಸರು ತಿಳಿಯದ ಗಿಡವನ್ನು ಯಾರೂ ಕಾಪಾಡಲಾರರು.

ಅಭ್ಯಾಸ: (1) ನಿಮ್ಮ ಮನೆಯ ಸಮೀಪದ ತಂತಿದಾರಿಯ ಐದು ಸಸ್ಯಗಳನ್ನು, ಕಂಬಗಳಿಂದ ದೂರ ನಿಂತು ಗುರುತಿಸಿ, ಹೂಬಿಡುವ ತಿಂಗಳನ್ನು ಬರೆಯಿರಿ. (2) ಅವುಗಳ ಊರ ಹೆಸರುಗಳನ್ನು ಅಜ್ಜಿಯರಿಂದ ಕೇಳಿ ತಿಳಿಯಿರಿ.