ಡಾರ್ವಿನ್ ಮನೆಗೆ ಬರುತ್ತಿದ್ದ ಟಪಾಲು

ಕಾಲೇಜಿಗೆ ಸೇರಿದ ಮೇಲೆ ನಾವೆಲ್ಲ ಚೆನ್ನಾಗಿ ಕಲಿತ ಒಂದು ವಿದ್ಯೆ ಅಂದ್ರೆ ಮೇಲ್ ಬರೆಯೋದು. ‘ರೆಸ್ಪೆಕ್ಟೆಡ್ ಸರ್’ ಅಂತ ಶುರು ಮಾಡಿ, ನಡುವೆ ಎಲ್ಲಿಂದಲೋ ಕಾಪಿ ಮಾಡಿದ ಒಂದು ಉದ್ದದ ಪ್ಯಾರಾ ಹಾಕಿ, ಕೊನೆಗೆ ‘ಥ್ಯಾಂಕಿಂಗ್ ಯೂ’ ಅಂತ ಮುಗಿಸ್ತೀವಿ. ರಜೆಯಲ್ಲಿ ಇಂಟರ್ನ್‌ಶಿಪ್ ಕೊಡಿ ಅಂತ ನಮ್ಮ ಗುಂಪಿನ 4 ಜನ ಇಂಥ 30 ಮೇಲ್ ಕಳಿಸಿದೆವು. ಉತ್ತರ ಬಂದಿದ್ದು 2ಕ್ಕೆ, ಎರಡೂ ‘ಇಲ್ಲ’ ಅಂತ. ಆ ಬೇಜಾರಿನಲ್ಲಿ ಇದ್ದಾಗಲೇ ನಾವು ಚಾರ್ಲ್ಸ್ ಡಾರ್ವಿನ್‌ನ ಪತ್ರಗಳನ್ನು ಓದೋಕೆ ಕೂತಿದ್ದು. ಓದ್ತಾ ಓದ್ತಾ ಗೊತ್ತಾಯ್ತು, ನಾವು ಕೇಳುವ ರೀತಿಯೇ ಸರಿ ಇರಲಿಲ್ಲ ಅಂತ.

ನಮಗೆ ಸ್ಕೂಲಿನಲ್ಲಿ ಹೇಳಿಕೊಟ್ಟ ಡಾರ್ವಿನ್ ಒಬ್ಬ ಹಡಗಿನ ಹೀರೋ. ಬೀಗಲ್ ಹಡಗು ಹತ್ತಿದ, ಗ್ಯಾಲಪಗೋಸ್ ದ್ವೀಪದಲ್ಲಿ ಹಕ್ಕಿಗಳ ಕೊಕ್ಕು ನೋಡಿದ, ಸಿದ್ಧಾಂತ ಹೊಳೆಯಿತು, ಮುಗೀತು. ಆದರೆ ಆ ಪ್ರಯಾಣ ನಡೆದದ್ದು 1831ರಿಂದ 1836ರವರೆಗೆ ಮಾತ್ರ. ಆಮೇಲೆ 1882ರಲ್ಲಿ ಸಾಯುವವರೆಗೂ ಆತ ಬ್ರಿಟನ್ ಬಿಟ್ಟು ಹೊರಗೆ ಕಾಲಿಡಲಿಲ್ಲ. 1842ರಲ್ಲಿ ಲಂಡನ್ ಹತ್ತಿರದ ಕೆಂಟ್ ಸೀಮೆಯ ಡೌನ್ ಅನ್ನೋ ಹಳ್ಳಿಗೆ ಹೋಗಿ ಸೇರಿಕೊಂಡ, ಅಲ್ಲೇ ಉಳಿದ. ಮೈಗೆ ಸದಾ ಹುಷಾರಿಲ್ಲ. ಮನೆ ತುಂಬ ಮಕ್ಕಳು. ಹಾಗಿದ್ದರೂ ಬ್ರೆಜಿಲ್ಲಿನ ಹೂವು, ಅಮೆರಿಕದ ಗಿಡ, ಕಲ್ಕತ್ತಾದ ಪ್ರಾಣಿಪಕ್ಷಿಗಳ ವಿಷಯ ಎಲ್ಲ ಅವನ ಪುಸ್ತಕಗಳಲ್ಲಿ ಬರುತ್ತದೆ. ಮನೆಯಲ್ಲೇ ಕೂತವನಿಗೆ ಇದೆಲ್ಲ ಸಿಕ್ಕಿದ್ದು ಹೆಚ್ಚಿನಂಶ ಟಪಾಲಿನಿಂದ.

ಟಪಾಲಿಗೂ ಆಗ ಒಳ್ಳೆ ಕಾಲ ಬಂದಿತ್ತು. 1840ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಪತ್ರದ ದುಡ್ಡು ಕೊಡಬೇಕಾದವರು ಪತ್ರ ಪಡೆದವರು. ಎಷ್ಟು ದೂರ, ಎಷ್ಟು ಹಾಳೆ ಅಂತ ಲೆಕ್ಕ ಹಾಕಿ ವಸೂಲಿ ಮಾಡ್ತಿದ್ದರು. ರೋಲೆಂಡ್ ಹಿಲ್ ತಂದ ಸುಧಾರಣೆಯಿಂದ ಆ ವರ್ಷ ಪೆನ್ನಿ ಪೋಸ್ಟ್ ಬಂತು. ಅರ್ಧ ಔನ್ಸ್ ತೂಕದ ಪತ್ರ ದೇಶದ ಯಾವ ಮೂಲೆಗಾದರೂ ಒಂದೇ ಪೆನ್ನಿ, ಕಳಿಸುವವರೇ ಕೊಡಬೇಕು. ಯೋಚನೆ ಮಾಡಿ, ಮೊದಲಿನ ಪದ್ಧತಿಯೇ ಇದ್ದಿದ್ದರೆ ಪರಿಚಯವಿಲ್ಲದವರಿಗೆ ಪ್ರಶ್ನೆ ಕೇಳಿ ಬರೆಯೋದು ಅಂದ್ರೆ ಅವರ ಜೇಬಿಗೇ ಕೈ ಹಾಕಿದ ಹಾಗೆ.

ಡಾರ್ವಿನ್‌ನ ದಿನಚರಿಯನ್ನು ಮಗ ಫ್ರಾನ್ಸಿಸ್ ಬರೆದಿಟ್ಟಿದ್ದಾನೆ. ಬೆಳಗ್ಗೆ ಒಂದೂವರೆ ಗಂಟೆ ಕೆಲಸ. ಒಂಬತ್ತೂವರೆಗೆ ಹಜಾರಕ್ಕೆ ಬಂದು ಸೋಫಾ ಮೇಲೆ ಮಲಗಿ ಮನೆಯವರಿಂದ ಪತ್ರ ಓದಿಸಿಕೊಳ್ಳೋದು. ಮಧ್ಯಾಹ್ನ ಊಟ ಆದಮೇಲೆ ಬೆಂಕಿ ಗೂಡಿನ ಪಕ್ಕದ ದೊಡ್ಡ ಕುರ್ಚಿಯಲ್ಲಿ ಕೂತು, ಅದರ ಕೈಗಳ ಮೇಲೆ ಒಂದು ಹಲಗೆ ಇಟ್ಟುಕೊಂಡು ಉತ್ತರ ಬರೆಯೋದು. ಕಾಟ ಕೊಡುವವರಿಗೆ ಕಳಿಸಲಿಕ್ಕೆ ಅಂತ ಅಚ್ಚು ಹಾಕಿಸಿದ ಒಂದು ಉತ್ತರವೂ ಇತ್ತಂತೆ, ನಮ್ಮ ಆಟೋ ರಿಪ್ಲೈ ಥರ. ಅದನ್ನು ಬಳಸಿದ್ದೇ ಅಪರೂಪ. ಎಂಥ ಪೆದ್ದು ಪತ್ರಕ್ಕೂ ಉತ್ತರ ಕೊಡದಿದ್ದರೆ ಆಮೇಲೆ ಮನಸ್ಸಿಗೆ ಚುಚ್ಚುತ್ತಿತ್ತು ಅಂತ ಮಗ ಹೇಳ್ತಾನೆ. ಇದನ್ನು ಓದಿ ನಮಗೆ ಆ 28 ಜನರ ಮೇಲೆ ಇನ್ನೂ ಸ್ವಲ್ಪ ಸಿಟ್ಟು ಬಂತು ಅನ್ನೋದು ನಿಜ.

ಈಗ ಮುಖ್ಯ ವಿಷಯ, ಆತ ಪ್ರಶ್ನೆ ಕೇಳುತ್ತಿದ್ದ ರೀತಿ. 1844ರ ಜನವರಿ 11ರಂದು ಗೆಳೆಯ ಜೋಸೆಫ್ ಹೂಕರ್‌ಗೆ ಬರೆದ ಪತ್ರ ತುಂಬ ಪ್ರಸಿದ್ಧ. ಜೀವಜಾತಿಗಳು ಬದಲಾಗದೇ ಉಳಿದಿಲ್ಲ ಅಂತ ತನಗೆ ಅನ್ನಿಸಿದೆ, ಇದನ್ನು ಹೇಳೋದು ಕೊಲೆ ಮಾಡಿದ್ದೇನೆ ಅಂತ ಒಪ್ಪಿಕೊಂಡ ಹಾಗಿದೆ ಅನ್ನೋ ಮಾತು ಬರೋದು ಇದರಲ್ಲೇ. ಎಲ್ಲರೂ ಆ ಒಂದು ಸಾಲನ್ನೇ ಹೇಳ್ತಾರೆ. ನಮಗೆ ಇಷ್ಟವಾಗಿದ್ದು ಅದೇ ಪತ್ರದ ಇನ್ನೊಂದು ಭಾಗ. ದೊಡ್ಡ ಪ್ರಾಣಿಗಳೇ ಇಲ್ಲದ ದ್ವೀಪದ ಗಿಡಗಳಲ್ಲಿ ಕೊಕ್ಕೆ ಇರುವ ಬೀಜ ಏನಾದರೂ ಇದೆಯಾ, ದಯವಿಟ್ಟು ಸ್ವಲ್ಪ ನೋಡಿ ಹೇಳು ಅಂತ ಕೇಳ್ತಾನೆ. ನಮ್ಮ ಕಡೆ ಉತ್ತರಾಣಿ ಕಾಯಿ ಪ್ಯಾಂಟಿಗೆ ಅಂಟಿಕೊಳ್ಳುತ್ತಲ್ಲ, ಅಂಥದ್ದು. ತುಪ್ಪಳದ ಪ್ರಾಣಿಯೇ ಇಲ್ಲದ ಕಡೆ ಕೊಕ್ಕೆ ಯಾಕೆ ಬೇಕು? ‘ನಿಮ್ಮ ಸಂಶೋಧನೆಯ ಬಗ್ಗೆ ತಿಳಿಸಿ’ ಅಂತ ಕೇಳೋದಿಲ್ಲ. ಹೂಕರ್ ತನ್ನ ಸ್ಯಾಂಪಲ್‌ಗಳನ್ನು ತೆಗೆದು ನೋಡಿ ಹೇಳಬಹುದಾದಷ್ಟು ಸಣ್ಣ ಪ್ರಶ್ನೆ, ಹಿಂದೆ ಮಾತ್ರ ದೊಡ್ಡ ಯೋಚನೆ. ಇವರಿಬ್ಬರ ನಡುವೆ ಸುಮಾರು 1,400 ಪತ್ರ ಓಡಾಡಿವೆ.

ಬರೀ ಕೇಳಿಕೊಂಡು ಕೂತವನೂ ಅಲ್ಲ. 1855ರಲ್ಲಿ ಬೀಜಗಳು ಸಮುದ್ರ ದಾಟಿ ದ್ವೀಪ ಸೇರಬಹುದಾ ಅಂತ ನೋಡೋಕೆ ಉಪ್ಪುನೀರಿನಲ್ಲಿ ಬೀಜ ನೆನೆಹಾಕಿದ. ಬೀಜ ಸತ್ತೇ ಹೋಗುತ್ತೆ ಅನ್ನೋ ಕಡೆ ಹೂಕರ್. ಅಪ್ಪ ಡಾಕ್ಟರ್ ಹೂಕರ್‌ನ ಸೋಲಿಸ್ತಾನಾ ಅಂತ ಮನೆ ಮಕ್ಕಳು ಕೇಳ್ತಾ ಇದ್ದರಂತೆ. ಇದನ್ನೂ ಅವನೇ ಹೂಕರ್‌ಗೆ ಬರೆದು ತಿಳಿಸಿದ್ದಾನೆ! ಕೊನೆಗೆ 87 ಬಗೆಯ ಬೀಜದಲ್ಲಿ 64 ಬಗೆ 28 ದಿನ ನೆನೆದ ಮೇಲೂ ಮೊಳೆತವು. ಗೆದ್ದೆ ಅನ್ನುವಷ್ಟರಲ್ಲಿ ಇನ್ನೊಂದು ಸಮಸ್ಯೆ. ಬೀಜ ಬದುಕೋದು ಸರಿ, ಆದರೆ ನೀರಲ್ಲಿ ಮುಳುಗಿಬಿಡುತ್ತಲ್ಲ, ಸಮುದ್ರ ದಾಟೋದು ಹೇಗೆ? ಇಷ್ಟು ಕಷ್ಟಪಟ್ಟು ಈ ಕೃತಘ್ನ ಬೀಜಗಳನ್ನು ಉಪ್ಪು ಹಾಕಿದ್ದು ದಂಡ ಅಂತ ಹೂಕರ್ ಹತ್ತಿರವೇ ಗೊಣಗಿಕೊಂಡ. ಆಮೇಲೆ ಒಣಗಿಸಿ ತೇಲಿಬಿಟ್ಟು ನೋಡಿದ. ಹಸಿ ಹೇಜಲ್ ಕಾಯಿ ತಕ್ಷಣ ಮುಳುಗಿತು, ಒಣಗಿಸಿದ್ದು 90 ದಿನ ತೇಲಿತು, ನೆಟ್ಟಾಗ ಮೊಳೆಯಿತು. ‘ಬೀಜಗಳನ್ನು ಪರೀಕ್ಷಿಸಲಾಯಿತು’ ಅನ್ನೋ ಒಂದು ಸಾಲಿನ ಹಿಂದೆ ಎಷ್ಟು ಸೋಲು ಇರುತ್ತೆ ಅಂತ ತೋರಿಸೋದು ಪತ್ರ ಮಾತ್ರ.

1867ರ ಹೊತ್ತಿಗೆ ಆತ 16 ಪ್ರಶ್ನೆಗಳ ಒಂದು ಪಟ್ಟಿ ಮಾಡಿ ದೂರದೇಶಗಳಲ್ಲಿ ಇದ್ದ ಪಾದ್ರಿಗಳು, ಅಧಿಕಾರಿಗಳು ಮುಂತಾದವರಿಗೆ ಕಳಿಸಿದ. ಮನುಷ್ಯರ ಮುಖಭಾವ ಎಲ್ಲ ಕಡೆ ಒಂದೇನಾ ಅನ್ನೋದು ವಿಷಯ. ನಮ್ಮ ಗೂಗಲ್ ಫಾರ್ಮ್‌ನ ಮುತ್ತಜ್ಜ ಅನ್ನಿ. ನಾಚಿಕೆ ಆದಾಗ ಮುಖ ಕೆಂಪಾಗುತ್ತಾ, ಹೌದು ಅನ್ನೋಕೆ ತಲೆ ಮೇಲೆ ಕೆಳಗೆ ಆಡಿಸ್ತಾರಾ, ಇಲ್ಲ ಅನ್ನೋಕೆ ಅಕ್ಕಪಕ್ಕ ಆಡಿಸ್ತಾರಾ ಅಂತೆಲ್ಲ ಇತ್ತು. (ಈ ತಲೆ ಆಡಿಸೋ ಪ್ರಶ್ನೆಗೆ ನಮ್ಮವರು ಏನಂತ ಉತ್ತರ ಬರೀಬೇಕು ಅಂತ ಕ್ಯಾಂಟೀನಲ್ಲಿ ಅರ್ಧ ಗಂಟೆ ಚರ್ಚೆ ಆಯ್ತು.) ಆ ಪಟ್ಟಿಯಲ್ಲಿ ಒಂದು ಎಚ್ಚರಿಕೆಯೂ ಇದೆ: ನೆನಪಿನಿಂದ ಬರೆಯಬೇಡಿ, ನೆನಪು ಮೋಸ ಮಾಡುತ್ತೆ, ಕಣ್ಣಾರೆ ನೋಡಿದ್ದನ್ನು, ಯಾವ ಸಂದರ್ಭದಲ್ಲಿ ನೋಡಿದ್ದು ಅನ್ನೋದನ್ನೂ ಸೇರಿಸಿ ಬರೆಯಿರಿ. ಸೀನಿಯರ್‌ಗಳ ರೆಕಾರ್ಡಿನಿಂದ ರೀಡಿಂಗ್ ಇಳಿಸಿಕೊಳ್ಳುವ ನಾವು ಈ ಸಾಲು ಬಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಂದ ಉತ್ತರ 36. ಅವು 1872ರಲ್ಲಿ ಬಂದ ಮುಖಭಾವದ ಪುಸ್ತಕಕ್ಕೆ ಸೇರಿದವು.

ಪತ್ರದಿಂದ ಸಂಕಟವೂ ಬಂದಿದೆ. 1858ರ ಜೂನ್‌ನಲ್ಲಿ, ಈಗಿನ ಇಂಡೊನೇಷ್ಯಾದಲ್ಲಿದ್ದ ಆಲ್ಫ್ರೆಡ್ ರಸೆಲ್ ವಾಲೇಸ್‌ನಿಂದ ಒಂದು ಲಕೋಟೆ ಬಂತು. ಒಳಗಿದ್ದ ಲೇಖನದಲ್ಲಿ ಡಾರ್ವಿನ್ 20 ವರ್ಷದಿಂದ ಇಟ್ಟುಕೊಂಡು ಕೂತಿದ್ದ ಅದೇ ಯೋಚನೆ. ಅದೇ ದಿನಗಳಲ್ಲಿ ಅವನ ಕಡೆಯ ಮಗು ಜ್ವರದಿಂದ ನರಳಿ ಜೂನ್ 28ಕ್ಕೆ ತೀರಿಕೊಂಡಿತು. ಲಯಲ್ ಮತ್ತು ಹೂಕರ್ ಇಬ್ಬರ ಬರಹವನ್ನೂ ಸೇರಿಸಿ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಓದಿಸಿದರು. ಡಾರ್ವಿನ್‌ಗೆ ಈ ಯೋಚನೆ ಮೊದಲೇ ಇತ್ತು ಅನ್ನೋದಕ್ಕೆ ಸಾಕ್ಷಿಯಾಗಿದ್ದರಲ್ಲಿ ಒಂದು, 1857ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಏಸಾ ಗ್ರೇಗೆ ಬರೆದಿದ್ದ ಪತ್ರ. ವಾಲೇಸ್ ಮಾತ್ರ ಅಷ್ಟು ದೂರದಲ್ಲಿದ್ದ. ಅವನನ್ನು ಯಾರೂ ಕೇಳಲಿಲ್ಲ. ಆಮೇಲೆ ಅವನು ಬೇಜಾರು ಮಾಡಿಕೊಳ್ಳಲಿಲ್ಲ ನಿಜ, ಆದರೂ ಒಂದು ಮಾತು ಕೇಳಬಹುದಿತ್ತು ಅಂತ ನಮ್ಮಲ್ಲಿ ಕೆಲವರ ವಾದ.

ವಾಲೇಸ್‌ನ ಆ ಪತ್ರ ಇವತ್ತು ಇಲ್ಲ. ಮೊದಲಿನ ವರ್ಷಗಳಲ್ಲಿ ಡಾರ್ವಿನ್‌ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಇಲ್ಲ. ಕಾರಣ ಕೇಳಿದ್ರೆ ತಲೆ ಚಚ್ಚಿಕೊಳ್ಳಬೇಕು. ದಿನಸಿ ಅಂಗಡಿಯಲ್ಲಿ ಬಿಲ್ ಚುಚ್ಚಿಡುವ ಕಂಬಿ ಇರುತ್ತಲ್ಲ, ಬಂದ ಪತ್ರಗಳನ್ನು ಅಂಥದ್ದಕ್ಕೆ ಚುಚ್ಚಿಡ್ತಿದ್ದ. ಕಂಬಿಗಳು ತುಂಬಿದರೆ ಹಳೇ ಪತ್ರ ಸುಟ್ಟು ಕಂಬಿ ಖಾಲಿ ಮಾಡಿಕೊಳ್ತಿದ್ದ! 1862ರ ಹಿಂದಿನ ಪತ್ರಗಳು ಬಹುಪಾಲು ಹೀಗೇ ಹೋದವು ಅಂತ ಫ್ರಾನ್ಸಿಸ್ ಬರೆದಿದ್ದಾನೆ. ಹೀಗಿದ್ದೂ ಅವನು ಬರೆದದ್ದು, ಅವನಿಗೆ ಬಂದದ್ದು ಸೇರಿ ಸುಮಾರು 15,000 ಪತ್ರ ಪತ್ತೆಯಾಗಿವೆ. 1974ರಲ್ಲಿ ಶುರುವಾದ ಕೇಂಬ್ರಿಜ್‌ನ ಯೋಜನೆಯೊಂದು ಅವನ್ನೆಲ್ಲ 30 ಸಂಪುಟದಲ್ಲಿ ತಂದಿದೆ. ಯಾರು ಬೇಕಾದರೂ ಪುಕ್ಕಟೆ ಓದಬಹುದು.

ನಮಗೆ ತೀರಾ ಹತ್ತಿರವಾದವನು ಜಾನ್ ಸ್ಕಾಟ್. ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ಗಿಡ ಬೆಳೆಸುವ ಕೆಲಸದವನು. 1862ರಲ್ಲಿ ಡಾರ್ವಿನ್ ಆರ್ಕಿಡ್ ಹೂಗಳ ಮೇಲೆ, ನಮ್ಮ ಮಲೆನಾಡಿನವರು ಸೀತಾಳೆ ಅಂತಾರಲ್ಲ ಅದರ ಮೇಲೆ, ಪುಸ್ತಕ ತಂದ. ಅದೇ ವರ್ಷ ಸ್ಕಾಟ್ ಪತ್ರ ಬರೆದ. ‘ನಿಮ್ಮ ಪುಸ್ತಕ ತುಂಬ ಚೆನ್ನಾಗಿದೆ ಸಾರ್’ ಅಂತ ಅಲ್ಲ. ಒಂದು ಗಿಡದ ಬಗ್ಗೆ ನೀವು ಬರೆದಿದ್ದು ತಪ್ಪು, ನಾನು ಮಾಡಿ ನೋಡಿದ್ದು ಹೀಗಿದೆ ಅಂತ. ಡಾರ್ವಿನ್ ಖುಷಿಯಾಗಿ ಉತ್ತರ ಬರೆದ, ಇನ್ನಷ್ಟು ಪ್ರಯೋಗ ಮಾಡಿಸಿದ, ಲೇಖನ ಬರೆಸಿದ. ಸ್ಕಾಟ್ ಆ ಕೆಲಸ ಬಿಟ್ಟಾಗ ಹೂಕರ್ ಮೂಲಕ ಭಾರತದಲ್ಲಿ ಕೆಲಸ ಸಿಗುವ ಹಾಗೆ ಮಾಡಿದ. ಸ್ಕಾಟ್ ಕಲ್ಕತ್ತಾ ಸಸ್ಯೋದ್ಯಾನಕ್ಕೆ ಬಂದು ಸೇರಿದ. ಅಲ್ಲಿಂದ ಮುಖಭಾವದ ಪ್ರಶ್ನೆಗಳಿಗೆ ಉತ್ತರ ಕಳಿಸಿದ. ಅಲ್ಲಿನ ಎರೆಹುಳಗಳು ಮೇಲೆ ಹಾಕುವ ಮಣ್ಣನ್ನು ಗಮನಿಸಿ ಅದನ್ನೂ ಬರೆದು ಕಳಿಸಿದ.

ಡಾರ್ವಿನ್‌ನ ಕೊನೆಯ ಪುಸ್ತಕ ಎರೆಹುಳಗಳ ಮೇಲೆ, 1881ರಲ್ಲಿ ಬಂತು. ಅದರಲ್ಲಿ ಕಲ್ಕತ್ತಾದ ಸ್ಕಾಟ್ ಹೆಸರು ಇದೆ. ಸ್ಕಾಟ್ ಅದರ ಹಿಂದಿನ ವರ್ಷವೇ ತೀರಿಹೋಗಿದ್ದ.