ತಂತಿಯ ಕೆಳಗಿನ ಮರ

ರಾಯಚೂರಿನ ಸೀಮೆ ದಾಸಸಾಹಿತ್ಯದ ತವರುಗಳಲ್ಲೊಂದು. ವಿಜಯದಾಸರು ಜನಿಸಿದ ಚೀಕಲಪರ್ವಿ ಮಾನ್ವಿಯ ಕಡೆಗಿದೆ. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಗಿದೆ. ಜಗನ್ನಾಥದಾಸರು ಮಾನ್ವಿಯಲ್ಲಿಯೇ ನೆಲೆಸಿದ್ದರು. 18ನೆಯ ಶತಮಾನದ ಈ ಹರಿದಾಸರ ಪರಂಪರೆಯಲ್ಲಿ ಹಾಡಿಗೆ ಜೊತೆಯಾದುದು ತಂಬೂರಿ. ಇಂದು ಅದೇ ಊರುಗಳಲ್ಲಿ ಗಿಟಾರನ್ನು ಕೈಗೆತ್ತಿಕೊಂಡ ಕಿರಿಯರೂ ಇದ್ದಾರೆ. ವಾದ್ಯ ಯಾವುದೇ ಆಗಲಿ, ನಾದ ಹೊಮ್ಮುವುದು ತಂತಿಯಿಂದ ಮಾತ್ರವಲ್ಲ. ತಂತಿಯ ಕೆಳಗಿರುವ ಮರದಿಂದಲೂ ಹೌದು. ತಂತಿ ತುಂಡಾದರೆ ಅಂಗಡಿಯಲ್ಲಿ ಇನ್ನೊಂದು ದೊರೆಯುತ್ತದೆ. ಮರ ಬಿರುಕುಬಿಟ್ಟರೆ ಅದನ್ನು ಮೊದಲಿನಂತೆ ಮಾಡುವುದು ಸುಲಭವಲ್ಲ.

ಗಿಟಾರಿನ ಕತ್ತಿನ ಮೇಲೆ, ಬೆರಳುಗಳು ಓಡಾಡುವ ತೆಳುವಾದ ಹಲಗೆಯೊಂದಿದೆ. ಅದಕ್ಕೆ ಫ್ರೆಟ್‌ಬೋರ್ಡ್ ಎಂದು ಹೆಸರು. ಅದರಲ್ಲಿ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಮೆಟ್ಟಿಲುಗಳು. ಈ ಹಲಗೆಯನ್ನು ಅನೇಕ ವೇಳೆ ಬೀಟೆ ಮರದಿಂದ ಮಾಡುತ್ತಾರೆ. ಅದಕ್ಕೆ ಮೆರುಗೆಣ್ಣೆ ಬಳಿಯುವುದಿಲ್ಲ. ಆದುದರಿಂದ ಬೆರಳಿನ ಬೆವರು, ಜಿಡ್ಡು, ಧೂಳು ಇವೆಲ್ಲವೂ ನೇರವಾಗಿ ಮರಕ್ಕೇ ತಾಗಿ ಮೆಟ್ಟಿಲುಗಳ ಪಕ್ಕದಲ್ಲಿ ಕರಿಯ ಕೊಳೆಯಾಗಿ ನಿಲ್ಲುತ್ತವೆ.

ಮರವು ಗಾಳಿಯಲ್ಲಿನ ತೇವವನ್ನು ಹೀರಿ ಹಿಗ್ಗುತ್ತದೆ, ತೇವವನ್ನು ಬಿಟ್ಟುಕೊಟ್ಟು ಕುಗ್ಗುತ್ತದೆ. ಈ ಹಿಗ್ಗುಕುಗ್ಗು ಎಳೆಗಳ ಉದ್ದಕ್ಕೆ ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ಕೃಷ್ಣಾ ತುಂಗಭದ್ರೆಗಳ ನಡುವೆ ಇದ್ದರೂ ರಾಯಚೂರಿನ ಬೇಸಿಗೆ ಬಲು ಕಠಿಣ. ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ, ಗಾಳಿ ಒಣಗುತ್ತದೆ. ಆಗ ಹಲಗೆಯ ಅಗಲ ತುಸು ಕುಗ್ಗುತ್ತದೆ. ಲೋಹದ ಮೆಟ್ಟಿಲುಗಳು ಹಾಗೆ ಕುಗ್ಗುವುದಿಲ್ಲ. ಅವುಗಳ ತುದಿಗಳು ಅಂಚಿನಿಂದ ಹೊರಚಾಚಿ ಕೈಗೆ ಚುಚ್ಚತೊಡಗುತ್ತವೆ. ಇದು ಮರವು ನಮಗೆ ಕೊಡುವ ಮೊದಲ ಎಚ್ಚರಿಕೆ.

ಶುಚಿಗೊಳಿಸುವ ಕ್ರಮ ಸರಳವಾಗಿದೆ. ಹೊಸ ತಂತಿ ಹಾಕುವ ಸಮಯವೇ ಇದಕ್ಕೆ ತಕ್ಕ ಕಾಲ. ಬಿಗಿದ ತಂತಿಯನ್ನು ಕತ್ತರಿಸದೆ, ಬಿರಡೆಗಳನ್ನು ತಿರುಗಿಸಿ ಮೆಲ್ಲಗೆ ಸಡಿಲಿಸಿ ತೆಗೆಯಬೇಕು. ಒಣಗಿದ ಮೆತ್ತನೆಯ ಹತ್ತಿಬಟ್ಟೆಯಿಂದ ಧೂಳನ್ನು ಒರೆಸಬೇಕು. ಮೆಟ್ಟಿಲುಗಳ ಮಗ್ಗುಲಿನ ಕೊಳೆಯನ್ನು ಹಳೆಯ ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ಸಡಿಲಿಸಬಹುದು. ಕೊಳೆ ಗಟ್ಟಿಯಾಗಿದ್ದರೆ, ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಆ ಕೂಡಲೇ ಒಣಬಟ್ಟೆಯಿಂದ ತೇವವನ್ನು ತೆಗೆಯಬೇಕು. ಪಾತ್ರೆ ಉಜ್ಜುವ ಒರಟು ನಾರನ್ನು ಹಲಗೆಗೆ ಮುಟ್ಟಿಸಬಾರದು.

ಬಳಿಕ ಎಣ್ಣೆ. ಫ್ರೆಟ್‌ಬೋರ್ಡಿಗೆಂದು ಮಾರುವ ನಿಂಬೆ ಎಣ್ಣೆಯಲ್ಲಿ ಬಹುಮಟ್ಟಿಗೆ ಇರುವುದು ಶುದ್ಧೀಕರಿಸಿದ ಖನಿಜ ತೈಲ. ಅದು ನಿಂಬೆಯ ರಸವಲ್ಲ. ಹುಳಿರಸ ಮರಕ್ಕೂ ಲೋಹಕ್ಕೂ ಹಾನಿಕರ. ಅಡುಗೆಮನೆಯ ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆಗಳು ಕಾಲಕ್ರಮದಲ್ಲಿ ಕಮಟಾಗಿ ಅಂಟುಗಟ್ಟುತ್ತವೆ. ಬಟ್ಟೆಗೆ ಕೆಲವೇ ಹನಿ ತೈಲ ಹಾಕಿ ತೆಳುವಾಗಿ ಸವರಿ, ಐದು ನಿಮಿಷ ಬಿಟ್ಟು, ಉಳಿದುದನ್ನು ಪೂರ್ತಿಯಾಗಿ ಒರೆಸಬೇಕು. ವರ್ಷಕ್ಕೆ ಒಂದೆರಡು ಸಲ ಸಾಕು. ಮೆರುಗೆಣ್ಣೆ ಬಳಿದ ಬಿಳಿಯ ಮೇಪಲ್ ಹಲಗೆಗೆ ತೈಲವೇ ಬೇಡ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೊಡೆಯಬೇಕು. ಎಣ್ಣೆ ನೀರಿನ ಸ್ಥಾನವನ್ನು ತುಂಬಲಾರದು. ಮರ ಕಳೆದುಕೊಂಡದ್ದು ತೇವ. ಅದು ಗಾಳಿಯಿಂದಲೇ ಮರಳಿ ಬರಬೇಕು. ವಾದ್ಯಕ್ಕೆ ಹಿತವಾದ ಸಾಪೇಕ್ಷ ಆರ್ದ್ರತೆ ಶೇಕಡಾ 45ರಿಂದ 55. ಆದುದರಿಂದ ಬೇಸಿಗೆಯಲ್ಲಿ ಗಿಟಾರನ್ನು ಬಿಸಿಲಿನ ಕಿಟಕಿಯ ಬಳಿ, ತಗಡಿನ ಮಾಡಿನ ಕೆಳಗೆ ನೇತುಹಾಕದೆ, ಪೆಟ್ಟಿಗೆಯಲ್ಲಿ ಮುಚ್ಚಿಡಬೇಕು. ತೂತುಗಳಿರುವ ಸಾಬೂನಿನ ಡಬ್ಬಿಯಲ್ಲಿ, ಹಿಂಡಿದ ಒದ್ದೆ ಸ್ಪಂಜನ್ನು ಇಟ್ಟು, ಮರಕ್ಕೆ ತಾಗದಂತೆ ಪೆಟ್ಟಿಗೆಯೊಳಗೆ ಇರಿಸಿದರೆ ಲೇಸು.

ಒಂದು ವಾದ್ಯಕ್ಕೆ ಒಪ್ಪುವುದು ಇನ್ನೊಂದಕ್ಕೆ ಒಪ್ಪಲಾರದು. ನಮ್ಮ ವೀಣೆಯ 24 ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಎಣ್ಣೆ ಸೋಕಿದರೆ ಮೇಣ ಮೆದುವಾಗುತ್ತದೆ. ಬಿಸಿಲು ತಗುಲಿದರೆ ಮೆಟ್ಟಿಲು ಸರಿದು ಸ್ವರಸ್ಥಾನವೇ ಕೆಡುತ್ತದೆ. ಅದಕ್ಕೆ ಒಣಬಟ್ಟೆಯ ಸೇವೆಯೇ ಸಾಕು. ಆರೈಕೆ ಎಂದರೆ ಹೆಚ್ಚು ಮಾಡುವುದಲ್ಲ. ತಿಳಿದು, ಬೇಕಾದಷ್ಟನ್ನೇ ಮಾಡುವುದು.

ಈ ಹಲಗೆ ಎಲ್ಲಿಂದ ಬಂದಿತೆಂಬುದನ್ನೂ ನೆನೆಯಬೇಕು. ಬೀಟೆ ನಮ್ಮ ಪಶ್ಚಿಮಘಟ್ಟದ ಮರ. ಭಾರತದ ಬೀಟೆಯನ್ನು ಲೋಕದ ನಾನಾ ದೇಶಗಳ ಗಿಟಾರು ತಯಾರಕರು ಬಳಸುತ್ತಾರೆ. ಅದು ಬಲಿಯಲು ಹಲವು ದಶಕಗಳು ಬೇಕು. ಕಡಿತ ಮಿತಿಮೀರಿದುದರಿಂದ, ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರವು 2017ರಿಂದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿತು. ಸಿದ್ಧಗೊಂಡ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಕೈಯಲ್ಲಿರುವ ವಾದ್ಯವೊಂದು ಹೆಚ್ಚು ಕಾಲ ಬಾಳಿದರೆ, ಕಾಡಿನಲ್ಲಿರುವ ಮರವೊಂದು ಅಷ್ಟು ಕಾಲ ಉಳಿದೀತು. ನುಡಿಸಿದ ಮೇಲೆ ತಂತಿಯನ್ನೂ ಹಲಗೆಯನ್ನೂ ಒಮ್ಮೆ ಒರೆಸಿಡುವ ಆ ಅರೆನಿಮಿಷವು ಸಂಗೀತಾಭ್ಯಾಸದ ಒಂದು ಭಾಗವೇ ಆಗಿದೆ.

ಅಭ್ಯಾಸ

1. ಬೇಸಿಗೆಯಲ್ಲಿ ಮೆಟ್ಟಿಲುಗಳ ತುದಿ ಕೈಗೆ ಚುಚ್ಚಲು ಕಾರಣವೇನು?
2. ಗಿಟಾರಿನ ಹಲಗೆಗೆ ಸವರುವ ತೈಲ ವೀಣೆಗೆ ಏಕೆ ಒಪ್ಪುವುದಿಲ್ಲ?
3. ‘ಎಣ್ಣೆ ನೀರಿನ ಸ್ಥಾನವನ್ನು ತುಂಬಲಾರದು’ – ವಿವರಿಸಿರಿ.